ಎಂಟು ಪರದೆಗಳಲ್ಲಿ ಅಕ್ಕ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಮೂರು ವರ್ಷದವಳಿದ್ದಾಗ ಅಕ್ಕ ನನ್ನನ್ನು 'ಮೆಣಸು' ಎಂದು ಕರೆದಳು, ಐವತ್ತು ದಾಟಿದರೂ ಆ ಹೆಸರು ಬಿಟ್ಟುಹೋಗಿಲ್ಲ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮೂವತ್ತೆರಡು ವರ್ಷ ಒಂದೇ ಈಜುಕೊಳದಲ್ಲಿ ಈಜು ಕಲಿಸಿದವಳು. ಊರಿನ ಅರ್ಧ ಜನ ಅವಳ ಅಂಗೈ ಮೇಲೆ ಹೊಟ್ಟೆಯಿಟ್ಟು ತೇಲಿದವರೇ. ಬ್ಯಾಂಕಿಗೆ ಹೋದರೆ ಮ್ಯಾನೇಜರು ಎದ್ದು ನಿಲ್ಲುತ್ತಾನೆ. ಆರನೇ ವಯಸ್ಸಿನಲ್ಲಿ ತಾನು ನೀರು ಕುಡಿದು ಗೋಳೋ ಎಂದು ಅತ್ತದ್ದನ್ನು ಇವಳು ಎಲ್ಲರೆದುರು ಹೇಳಿಬಿಟ್ಟಾಳು ಎಂಬ ಭಯ ಅವನಿಗೆ.

ನನ್ನ ಕೆಲಸ ಬೇರೆ. ದೊಡ್ಡ ಗೋಡೆಗಳ ಮೇಲೆ ಸಾಲಾಗಿ ಪರದೆಗಳನ್ನು ಜೋಡಿಸಿ, ಅಷ್ಟೂ ಸೇರಿ ಒಂದೇ ವಿಡಿಯೋ ಓಡುವ ಹಾಗೆ ಮಾಡುವುದು. ಕೇಳಿದರೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಪ್ರತಿ ಪರದೆಯ ಬೆನ್ನಿಗೂ ಒಂದು ಕಂಪ್ಯೂಟರ್ ಇರುತ್ತದೆ, ಪ್ರತಿಯೊಂದರ ಹತ್ತಿರವೂ ಚಿತ್ರದ ಒಂದು ತುಂಡು ಮಾತ್ರ ಇರುತ್ತದೆ. ಅವೆಲ್ಲ ಒಂದೇ ಕ್ಷಣಕ್ಕೆ ಒಂದೇ ಹೆಜ್ಜೆ ಇಡಬೇಕು. ಅದಕ್ಕಾಗಿ ಒಂದು ಕಂಪ್ಯೂಟರನ್ನು ಯಜಮಾನ ಮಾಡುತ್ತೇವೆ. ಉಳಿದವು ವೈರಿನ ಮೂಲಕ ಅದನ್ನು ಕೇಳುತ್ತಲೇ ಇರುತ್ತವೆ, ಈಗ ಹೊತ್ತೆಷ್ಟು, ಈಗ ಹೊತ್ತೆಷ್ಟು ಎಂದು. ಯಾವುದಾದರೂ ಹಿಂದೆ ಬಿದ್ದರೆ ನಡುವೆ ಒಂದೆರಡು ಚಿತ್ರ ನುಂಗಿಕೊಂಡು ಓಡಿ ಬಂದು ಸೇರಿಕೊಳ್ಳಬೇಕು. ಸೆಕೆಂಡಿಗೆ ಅರವತ್ತು ಚಿತ್ರ. ಅದರಲ್ಲಿ ಒಂದು ಆಚೀಚೆಯಾದರೂ ನನ್ನ ಕಣ್ಣಿಗೆ ಮುಳ್ಳು ಚುಚ್ಚಿದ ಹಾಗೆ ಆಗುತ್ತದೆ. ಯಾರದಾದರೂ ಮನೆಯಲ್ಲಿ ಊಟಕ್ಕೆ ಕೂತಾಗ ಟೀವಿಯಲ್ಲಿ ತುಟಿಗೂ ಮಾತಿಗೂ ತಾಳೆಯಾಗದಿದ್ದರೆ, ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುವವಳು ನಾನು.

ಹೋದ ವರ್ಷ ಅಕ್ಕನ ಈಜುಕೊಳವನ್ನು ಮುಚ್ಚುವುದೆಂದು ತೀರ್ಮಾನವಾಯಿತು. ತಳ ಸೋರುತ್ತಿತ್ತು, ಎಷ್ಟು ತೇಪೆ ಹಾಕಿದರೂ ನಿಲ್ಲುತ್ತಿರಲಿಲ್ಲ. ಕಟ್ಟಡ ಕೆಡವುವ ಬದಲು ಅಲ್ಲಿ ಮಕ್ಕಳ ಗ್ರಂಥಾಲಯ ಮಾಡೋಣ ಎಂದರು. ನೀರು ಬಸಿದು, ಕೊಳದ ಒಳಗೇ ಪುಸ್ತಕದ ಕಪಾಟುಗಳನ್ನು ಇಡುವುದು, ಮಕ್ಕಳು ಮೆಟ್ಟಿಲಿಳಿದು ತಳದಲ್ಲಿ ಕೂತು ಓದುವುದು. ಯೋಜನೆ ಹಾಕಿದವರು ಯಾರೋ ಪುಣ್ಯಾತ್ಮರು, ನನಗೆ ಅದು ಹಿಡಿಸಿತು.

ಅದೇ ತಿಂಗಳು ಅಕ್ಕನ ಕಣ್ಣಿನ ವಿಷಯ ತಿಳಿಯಿತು. ನೋಟ ಅಂಚುಗಳಿಂದ ಒಳಕ್ಕೆ ಮುಚ್ಚಿಕೊಳ್ಳುತ್ತಾ ಬರುತ್ತಿತ್ತು. ಕೊಳವೆಯೊಳಗಿಂದ ನೋಡಿದಂತೆ, ಎದುರಿಗಿರುವಷ್ಟೇ ಅವಳಿಗೆ ಕಾಣುತ್ತಿತ್ತು. "ಕೊಳವೆ ಸಣ್ಣದಾಗ್ತಾ ಹೋಗುತ್ತೆ," ಎಂದರು ಡಾಕ್ಟರು. "ನಾಲ್ಕು ತಿಂಗಳು ಇರಬಹುದು, ಐದು ಇರಬಹುದು. ಆಮೇಲೆ ಬೆಳಕು ಯಾವುದು, ಕತ್ತಲೆ ಯಾವುದು, ಅಷ್ಟು ಮಾತ್ರ ಗೊತ್ತಾಗುತ್ತೆ." ನಾನು ಡಾಕ್ಟರ ಮೇಲೆ ರೇಗಾಡಿದೆ. ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಕಾರಿನಲ್ಲಿ ಭಾವ ಎಂದಿನಂತೆ ಬಾಯಿ ಬಿಡುವಿಲ್ಲದೆ ಮಾತಾಡುತ್ತಿದ್ದರು, ಬೇರೆ ಡಾಕ್ಟರು, ಬೇರೆ ಔಷಧಿ, ಯಾರಿಗೋ ವಾಸಿಯಾದ ಕಥೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು: "ಮೆಣಸು, ನಂಗೊಂದು ಆಸೆ ಇದೆ ಕಣೇ. ಇಷ್ಟು ವರ್ಷ ಈಜಿದೀನಿ, ನಾನು ಈಜೋದನ್ನ ನಾನು ಯಾವತ್ತೂ ನೋಡಿಲ್ಲ."

"ಫೋನಲ್ಲಿ ಎಷ್ಟೊಂದು ವಿಡಿಯೋ ಇದಾವಲ್ಲ?"

"ಅದರಲ್ಲಿ ನೀರಲ್ಲೊಂದು ತೆಂಗಿನಕಾಯಿ ತೇಲ್ತಿರುತ್ತೆ, ಅದೇ ನನ್ನ ತಲೆ ಅಂತಾರೆ. ಅದಲ್ಲ. ಪಕ್ಕದಲ್ಲಿ ನಡ್ಕೊಂಡು ಹೋಗ್ತಾ ನೋಡಬೇಕು. ಈ ತುದಿಯಿಂದ ಆ ತುದಿವರೆಗೆ, ಪೂರ್ತಿಯಾಗಿ. ಒಂದು ಸಲ ಸಾಕು."

ಚಿಕ್ಕ ಪರದೆಯಲ್ಲಿ ತೋರಿಸಿದರೆ ಮತ್ತೆ ಅದೇ ತೆಂಗಿನಕಾಯಿ, ಹತ್ತಿರದಿಂದಲೇ ತೋರಿಸಬೇಕಿತ್ತು. ಗ್ರಂಥಾಲಯದವರಿಗೂ ಕೊಳದ ಪಕ್ಕದ ಉದ್ದನೆಯ ಗೋಡೆಗೆ ಏನಾದರೂ ಬೇಕಿತ್ತು. ನಾನು ಹೋಗಿ ಮಾತಾಡಿದೆ. ಕೊಳದ ಅಂಚಿನುದ್ದಕ್ಕೂ, ನಿಜವಾದ ಅಳತೆಯಲ್ಲೇ, ಎಂಟು ಅಗಲವಾದ ಪರದೆಗಳ ಮೇಲೆ ಅಕ್ಕ ಐವತ್ತು ಮೀಟರ್ ಈಜುವುದು ಎಂದು ತೀರ್ಮಾನವಾಯಿತು. ಮಕ್ಕಳಿಗೂ ಆಯಿತು, ಅಕ್ಕನಿಗೂ ಆಯಿತು.

ನೀರು ಬಸಿಯುವ ಹಿಂದಿನ ವಾರ ಚಿತ್ರ ತೆಗೆದೆವು. ಕೊಳದ ಪಕ್ಕದಲ್ಲಿ ಆರಾರು ಮೀಟರಿಗೆ ಒಂದರಂತೆ ಎಂಟು ಕ್ಯಾಮೆರಾ ನಿಲ್ಲಿಸಿದೆ, ಎಲ್ಲವೂ ನೀರಿನ ಕಡೆ ಮುಖ ಮಾಡಿ. ಅಷ್ಟನ್ನೂ ಒಂದೇ ಕ್ಷಣಕ್ಕೆ ಶುರುಮಾಡುವುದಕ್ಕೆ ಆಗುವುದಿಲ್ಲ, ಆಮೇಲೆ ಕೂತು ಹೊಂದಿಸಬೇಕು. ಅದಕ್ಕೆ ನಮ್ಮ ಕಸುಬಿನಲ್ಲಿ ಹಳೆಯ ಉಪಾಯವೊಂದಿದೆ. ಎಲ್ಲ ಕ್ಯಾಮೆರಾಗಳೂ ಓಡುತ್ತಿರುವಾಗ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟುವುದು. ಆ 'ಟಪ್' ಎಂಬ ಸದ್ದು ಎಂಟರಲ್ಲೂ ದಾಖಲಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಎಂಟು ಟಪ್‌ಗಳನ್ನೂ ಒಂದರ ಕೆಳಗೊಂದು ನೇರವಾಗಿ ಕೂರಿಸಿದರೆ ಎಂಟು ಚಿತ್ರಗಳೂ ತಾವಾಗಿ ಹೊಂದಿಕೊಳ್ಳುತ್ತವೆ. ನನ್ನ ಚಪ್ಪಾಳೆಗೆ ಸದ್ದು ಸಾಲದೆಂದು ಭಾವ ಕಾಲಿನ ಚಪ್ಪಲಿಗಳನ್ನೇ ಕೈಗೆ ತಗೊಂಡು, ಅಕ್ಕ ಧುಮುಕುವ ಕಟ್ಟೆಯ ಪಕ್ಕ ನಿಂತು ಫಟಾರನೆ ಬಡಿದರು. ಅಕ್ಕ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ನೀರಿಗೆ ಹಾರಿದಳು.

ಅವಳು ಈಜುವುದನ್ನು ನಾನು ನೂರು ಸಲ ನೋಡಿದ್ದೇನೆ. ಅವತ್ತು ಮಾತ್ರ ಎಲ್ಲವೂ ನಿಧಾನವಾದಂತೆ ಕಂಡಿತು. ಗಾಜಿನ ಛಾವಣಿಯಿಂದ ಇಳಿದ ಬಿಸಿಲು ಅವಳ ಬೆನ್ನ ಮೇಲೆ ಚೂರುಚೂರಾಗಿ ಜಾರುತ್ತಿತ್ತು. ಅವಳು ದಾಟಿಹೋದ ಕಡೆ ನೀರು ಸ್ವಲ್ಪ ಹೊತ್ತು ಅಲುಗಿ, ಮತ್ತೆ ಏನೂ ಆಗದ ಹಾಗೆ ಮಲಗುತ್ತಿತ್ತು. ನಲವತ್ತೊಂದು ಸೆಕೆಂಡಿಗೆ ಆ ತುದಿಯ ಗೋಡೆ ಮುಟ್ಟಿದಳು.

ಗೋಡೆಗೆ ಪರದೆಗಳು ಬರುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು. ಆ ಮೂರು ತಿಂಗಳಲ್ಲಿ ಅಕ್ಕನ ಕೊಳವೆ ಸಣ್ಣದಾಗುತ್ತಲೇ ಹೋಯಿತು. ಮೊದಲು ಪತ್ರಿಕೆಯ ಒಂದು ಪುಟ ಕಾಣುತ್ತಿತ್ತು, ಆಮೇಲೆ ಒಂದು ಸುದ್ದಿ, ಆಮೇಲೆ ಒಂದು ಸಾಲು. ನಾನು ಉಪಕರಣ ಹೊತ್ತುಕೊಂಡು ಕಟ್ಟಡದೊಳಗೆ ಹೋದ ದಿನ ಅವಳಿಗೆ ಒಂದು ಪದ ಕಾಣುತ್ತಿತ್ತು.

ನೀರಿಲ್ಲದ ಕೊಳ ನೋಡಿದ್ದೀರಾ? ಮೆಟ್ಟಿಲಿಳಿಯುವಾಗ ನನಗರಿವಿಲ್ಲದೆ ಉಸಿರು ಹಿಡಿದುಕೊಂಡೆ. ತಳದ ನೀಲಿ ಟೈಲ್ಸು ಒಣಗಿದ್ದರೂ ಒದ್ದೆಯಿದ್ದಂತೆ ಹೊಳೆಯುತ್ತಿತ್ತು, ಗಾಳಿಯಲ್ಲಿ ಇನ್ನೂ ಕ್ಲೋರಿನ್ ವಾಸನೆ. ಖಾಲಿ ಕಪಾಟುಗಳು ಈಜುಗಾರರಿಗಾಗಿ ತಳದಲ್ಲಿ ಎಳೆದಿದ್ದ ಗೆರೆಗಳ ನಡುವೆ ನಿಂತು ಕಾಯುತ್ತಿದ್ದವು. ಒಂದು ಸ್ಕ್ರೂ ಬಿದ್ದರೂ ಅದರ ಸದ್ದು ಕೊಳದ ತುಂಬ ಸುತ್ತಾಡಿ, ಯಾವ ಕಡೆಯಿಂದ ಬಂತೆಂದು ತಿಳಿಯದ ಹಾಗೆ ಕಿವಿಗೆ ಬರುತ್ತಿತ್ತು. ಛಾವಣಿಗೆ ದಪ್ಪ ಬಟ್ಟೆ ಕಟ್ಟಿ ಬೆಳಕು ತಗ್ಗಿಸಿದ್ದರು. ಎಂಟು ಪರದೆಗಳನ್ನು ಮೊದಲ ಸಲ ಹಚ್ಚಿದಾಗ ಒಣ ನೆಲದ ಮೇಲೆಲ್ಲ ನೀರಿನ ನೆರಳು ತೂಗಾಡಿತು. ನನ್ನ ಕೈಯ ಮೇಲೂ, ಚೀಲದ ಮೇಲೂ, ಕರೆಂಟಿನ ಕೆಲಸಕ್ಕೆ ಬಂದಿದ್ದ ಹಿರಿಯರ ಬೋಳು ತಲೆಯ ಮೇಲೂ. ಎಲ್ಲರೂ ನೀರಿನಡಿಯಲ್ಲಿ ಕೆಲಸ ಮಾಡುತ್ತಿದ್ದಂತಿತ್ತು.

ಅಕ್ಕ ಮೊದಲನೇ ಪರದೆಯಲ್ಲಿ ಧುಮುಕಿದಳು. ಎರಡನೆಯದಕ್ಕೆ ಬರುವಾಗ, ಎರಡು ಪರದೆ ಕೂಡುವಲ್ಲಿ, ಅವಳ ಕೈ ಮುರಿಯಿತು.

ಮುರಿಯಿತು ಎಂದರೆ, ಮುಂಗೈ ಒಂದು ಪರದೆಯಲ್ಲಿ, ತೋಳು ಇನ್ನೊಂದರಲ್ಲಿ, ನಡುವೆ ನಾಲ್ಕು ಬೆರಳಿನಷ್ಟು ತಾಳೆಯಿಲ್ಲ. ಮುಂದಿನ ಪರದೆಯ ಕೈ ಒಂದು ಚೂರು ಮುಂದೆ ಹೋಗಿಬಿಟ್ಟಿತ್ತು. ಮೂರನೆಯದರಲ್ಲೂ ಅಷ್ಟೇ, ನಾಲ್ಕನೆಯದರಲ್ಲೂ ಅಷ್ಟೇ. ಏಳು ಸಂದು, ಏಳರಲ್ಲೂ ಮುರಿದ ಅಕ್ಕ.

ಕರೆಂಟಿನವರು ಕೈ ಒರೆಸಿಕೊಳ್ಳುತ್ತಾ ನೋಡಿದರು. "ಚೆನ್ನಾಗೇ ಇದೆಯಲ್ಲಮ್ಮಾ!"

"ಎಲ್ಲಿ ಚೆನ್ನಾಗಿದೆ? ಕೈ ಕಡಿದು ಹಾಕಿದ ಹಾಗಿದೆ."

"ನಂಗೇನೂ ಕಾಣಲ್ಲಪ್ಪ," ಎಂದು ಅವರು ಮತ್ತೆ ಏಣಿ ಹತ್ತಿದರು.

ಅಷ್ಟರಲ್ಲಿ ಅಕ್ಕನ ಫೋನು. "ಹಾಕಿದೆಯಂತೆ? ಬರ್ಲೇನೇ?"

"ಬೇಡ, ಇನ್ನೂ ಸರಿಯಾಗಿಲ್ಲ. ನಾಳೆ ಬಾ."

"ಸ್ವಲ್ಪ ಆಚೀಚೆ ಇದ್ರೂ ಪರವಾಗಿಲ್ಲ ಕಣೇ."

"ನಂಗೆ ಪರವಾಗಿದೆ. ಅದೇನು ಅಂತ ಹೇಳಿದ್ರೆ ನಿಂಗೆ ಅರ್ಥ ಆಗಲ್ಲ, ಬಿಡು. ನಾಳೆ."

ಆ 'ನಾಳೆ'ಯನ್ನು ನಾನು ಹನ್ನೊಂದು ದಿನ ಹೇಳಿದೆ.

ಏನೇನು ಮಾಡಲಿಲ್ಲ ಹೇಳಿ! ಪ್ರತಿ ಪರದೆಯೂ ಹಿಂದಿನದಕ್ಕಿಂತ ಒಂದೇ ಒಂದು ಚಿತ್ರದಷ್ಟು ಮುಂದಿತ್ತು. ಇದು ವೈರಿನ ಚೇಷ್ಟೆಯೇ ಎಂದುಕೊಂಡು ಇಡೀ ಗೋಡೆಯ ವೈರು ಕಿತ್ತು ಹೊಸದು ಎಳೆಸಿದೆ. ವೈರುಗಳೆಲ್ಲ ಸೇರುವ ಪೆಟ್ಟಿಗೆ ಬದಲಾಯಿಸಿದೆ. ಯಜಮಾನನನ್ನು ಇಳಿಸಿ ಇನ್ನೊಂದನ್ನು ಯಜಮಾನ ಮಾಡಿದೆ. ಎಂಟೂ ಪರದೆಗಳ ಮೇಲೆ ಬರೀ ಅಂಕಿಗಳನ್ನು ಓಡಿಸಿ ಫೋಟೋ ತೆಗೆದು ನೋಡಿದೆ. ಎಂಟರಲ್ಲೂ ಅದೇ ಅಂಕಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಮತ್ತೆ ಅಕ್ಕನನ್ನು ಹಾಕಿದರೆ ಮತ್ತೆ ಮುರಿದ ಕೈ. ಸಂಪೂರ್ಣ ತಲೆ ಕೆಟ್ಟುಹೋಯಿತು. ಕಂಪ್ಯೂಟರುಗಳು ಸರಿಯಿದ್ದರೆ ತಪ್ಪು ಚಿತ್ರದಲ್ಲೇ ಇರಬೇಕು ಎಂದು ಯಾರಿಗಾದರೂ ಹೊಳೆಯುತ್ತದೆ. ನನಗೂ ಹೊಳೆಯಿತು. ಆದರೆ ಚಿತ್ರ ಹೊಂದಿಸಿದವಳು ನಾನು. ಎಂಟು ಟಪ್‌ಗಳನ್ನು ನೂಲು ಹಿಡಿದಂತೆ ಕೂರಿಸಿದವಳು ನಾನು. ಮತ್ತೊಮ್ಮೆ ತೆಗೆದು ನೋಡಿದೆ, ನೂಲು ಹಿಡಿದಂತೆಯೇ ಇದ್ದವು. ನನ್ನ ಕೈಯಲ್ಲಿ ತಪ್ಪಾಗುವುದೆಂದರೇನು? ಪರದೆ ಕೊಟ್ಟವರಿಗೆ ಫೋನು ಮಾಡಿ ಕಾಲು ಕೆರೆದು ಜಗಳ ತೆಗೆದೆ.

ಒಂದು ಮಧ್ಯಾಹ್ನ ಸಾಕಾಗಿ ಕೊಳದ ತಳದಲ್ಲಿ ಚೀಲವನ್ನು ತಲೆದಿಂಬು ಮಾಡಿಕೊಂಡು ಅಡ್ಡಾದೆ. ಮೇಲೆ ಪರದೆಗಳಲ್ಲಿ ಅಕ್ಕ ಈಜುತ್ತಲೇ ಇದ್ದಳು. ಕಣ್ಣು ಹತ್ತಿತೇನೋ. ಕೊಳದ ತುಂಬ ನೀರಿತ್ತು, ನಾನು ತಳದಲ್ಲಿ ಕೂತು ಸಲೀಸಾಗಿ ಉಸಿರಾಡುತ್ತಿದ್ದೆ. ಅಕ್ಕ ತಲೆಯ ಮೇಲೆ ತೇಲಿ ಹೋಗುತ್ತಿದ್ದಳು, ಅವಳು ದಾಟಿದ ಕಡೆಯಲ್ಲೆಲ್ಲ ಅವಳ ಕೈಗಳು ಕಳಚಿ ಎಲೆಯಂತೆ ನಿಧಾನವಾಗಿ ಕೆಳಗಿಳಿಯುತ್ತಿದ್ದವು. ನಾನು ಅವನ್ನು ಆರಿಸಿ ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದೆ. ಬೆಚ್ಚಗಿದ್ದವು. ಅವಳು ತಿರುಗಿ ನೋಡಲಿ ಕೊಡೋಣ ಎಂದು ಕಾದೆ, ಅವಳು ತಿರುಗಲೇ ಇಲ್ಲ. ಎಚ್ಚರವಾದಾಗ ಫೋನು ಬಡಿದುಕೊಳ್ಳುತ್ತಿತ್ತು. ಅಕ್ಕನದೇ. ಎತ್ತಲಿಲ್ಲ.

ಹನ್ನೆರಡನೇ ದಿನ ಅಕ್ಕ ಹೇಳದೆ ಕೇಳದೆ ಬಂದುಬಿಟ್ಟಳು. ಭಾವನ ಭುಜದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತವಳನ್ನು ಕಂಡು ನಾನು ದಡಬಡಿಸಿ ಪರದೆಗಳನ್ನೆಲ್ಲ ಆರಿಸಿದೆ.

"ಆರಿಸ್ದೆ ಅಲ್ವಾ?" ಎಂದಳು ಅಕ್ಕ. "ಬೆಳಕು ಹೋಯ್ತು."

"ಮತ್ತೇನು? ಸರಿಯಾಗೋವರೆಗೂ ತೋರಿಸಲ್ಲ ಅಂದಿದೀನಲ್ಲ."

"ಹಟಮಾರಿ. ಮೂರು ವರ್ಷಕ್ಕೆ ಹೇಗಿದ್ದೆಯೋ ಹಾಗೇ ಇದೀಯ." ಅವಳು ಧುಮುಕುವ ಕಟ್ಟೆಯನ್ನು ಕೈಯಲ್ಲಿ ತಡವಿ, ಅದರ ಮೇಲೆ ಕೂತಳು. ಮೂವತ್ತೆರಡು ವರ್ಷ ಅವಳದೇ ಆಗಿದ್ದ ಜಾಗ. ಭಾವ ಮಾತ್ರ ಒಂದೂ ಮಾತಾಡದೆ ದೂರದಲ್ಲಿ ಖಾಲಿ ಕಪಾಟೊಂದನ್ನು ನೋಡುತ್ತಾ ನಿಂತುಬಿಟ್ಟರು. ಅವರ ಬಾಯಿಗೆ ಬೀಗ ಬಿದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಆದರೆ ಕೋಪದಲ್ಲಿದ್ದವಳಿಗೆ ಅದರ ಕಡೆ ಗಮನವೆಲ್ಲಿ?

"ಏನು ತೊಂದರೆ ಹೇಳು," ಎಂದಳು ಅಕ್ಕ.

"ನಿಂಗೆ ಅರ್ಥ..."

"ಆಗದಿದ್ರೆ ಬಿಡು. ಹೇಳೋಕೇನು ಕಷ್ಟ?"

ಹೇಳಿದೆ. ಕಂಪ್ಯೂಟರು, ಯಜಮಾನ, ವೈರು, ಎಂಟು ಅಂಕಿ, ಎಂಟು ಟಪ್, ಏಳು ಸಂದುಗಳಲ್ಲಿ ನಾಲ್ಕು ನಾಲ್ಕು ಬೆರಳು. ಹನ್ನೊಂದು ದಿನದ ಹೊಟ್ಟೆಯುರಿ ಎಲ್ಲ ಕಕ್ಕಿದೆ. ಅವಳು ತಲೆ ಬಾಗಿಸಿ ಕೇಳಿಸಿಕೊಂಡಳು.

"ಇವರು ಚಪ್ಪಲಿ ಬಡಿದದ್ದು ಎಲ್ಲಿ ನಿಂತು?"

"ಇಲ್ಲೇ. ನೀನು ಕೂತಿದೀಯಲ್ಲ, ಅದರ ಪಕ್ಕ."

"ಎಂಟನೇ ಕ್ಯಾಮೆರಾ ಎಲ್ಲಿತ್ತು?"

"ಆ ತುದೀಲಿ."

"ಮತ್ತೆ, ಇವರ ಚಪ್ಪಲಿ ಸದ್ದು ಅಲ್ಲಿಗೆ ನಡ್ಕೊಂಡು ಹೋಗ್ಬೇಕಲ್ಲೇ!"

ನಾನು ಆ ತುದಿಯ ಕಡೆ ತಿರುಗಿದೆ.

"ಸ್ಪರ್ಧೆಗಳಲ್ಲಿ ನಾನು ಆ ತುದೀಲಿ ಸ್ಟಾಪ್‌ವಾಚ್ ಹಿಡಿದು ನಿಲ್ತಿದ್ದೆ," ಎಂದಳು ಅಕ್ಕ. "ಇಲ್ಲಿ ಪಿಸ್ತೂಲು ಹಾರಿಸ್ತಾರೆ. ಹೊಸಬರು ಸದ್ದು ಕೇಳಿ ಗುಂಡಿ ಒತ್ತೋರು. ಹಾಗೆ ಒತ್ತಬಾರದು. ಹೊಗೆ ಕಂಡ ತಕ್ಷಣ ಒತ್ತಬೇಕು. ಸದ್ದು ಬರೋ ಹೊತ್ತಿಗೆ ಈಜೋರು ಆಗಲೇ ಗಾಳೀಲಿರ್ತಾರೆ. ನಮ್ಮಲ್ಲಿ ಮೊದಲನೇ ದಿನ ಕಲಿಸೋ ಪಾಠ ಇದು."

ಮುಖಕ್ಕೆ ತಣ್ಣೀರೆರಚಿದ ಹಾಗಾಯಿತು. ಚಪ್ಪಲಿಯ ಸದ್ದು ಪ್ರತಿ ಕ್ಯಾಮೆರಾಗೂ ಹಿಂದಿನದಕ್ಕಿಂತ ಕಣ್ಣು ಮಿಟುಕಿಸುವುದರ ಒಂದು ಚೂರಿನಷ್ಟು ತಡವಾಗಿ ತಲುಪಿತ್ತು. ಆರು ಮೀಟರಿಗೆ, ಲೆಕ್ಕ ಹಾಕಿದರೆ, ಸರಿಯಾಗಿ ಒಂದು ಚಿತ್ರದಷ್ಟು ತಡ. ತಡವಾಗಿ ಬಂದ ಸದ್ದನ್ನು ನಾನು ಎಳೆದು ನೇರಕ್ಕೆ ಕೂರಿಸಿ, ಚಿತ್ರವನ್ನು ಅಷ್ಟಷ್ಟೇ ಮುಂದಕ್ಕೆ ತಳ್ಳಿಬಿಟ್ಟಿದ್ದೆ. ವೈರು ತಪ್ಪು ಮಾಡಿರಲಿಲ್ಲ, ಪೆಟ್ಟಿಗೆ ತಪ್ಪು ಮಾಡಿರಲಿಲ್ಲ, ನಾನು ಬೈದ ಪರದೆಯವನು ತಪ್ಪು ಮಾಡಿರಲಿಲ್ಲ. ಸಣ್ಣ ಕೋಣೆಗಳಲ್ಲೇ ಚಪ್ಪಾಳೆ ತಟ್ಟಿ ರೂಢಿಯಾದ ನನಗೆ, ಸದ್ದಿಗೂ ಕಾಲಿದೆ ಎಂಬುದೇ ಮರೆತುಹೋಗಿತ್ತು.

"ಅಕ್ಕ, ನೀನು ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀನು ಯಾವಾಗ ಕೇಳಿದೆ?"

ನಾಚಿಕೆಯಿಂದ ಬೆವರಿ, ಅಲ್ಲೇ ನೆಲದ ಮೇಲೆ ಕೂತು ಕೆಲಸ ಶುರು ಮಾಡಿದೆ. ಎರಡನೆಯದಕ್ಕೆ ಒಂದು ಚಿತ್ರ ಹಿಂದಕ್ಕೆ, ಮೂರನೆಯದಕ್ಕೆ ಎರಡು, ಹೀಗೆ ಎಂಟನೆಯದಕ್ಕೆ ಏಳು. ಎಂಟು ತುಂಡುಗಳೂ ಹೊಸದಾಗಿ ತಯಾರಾಗಿ ಎಂಟು ಕಂಪ್ಯೂಟರಿಗೆ ಹೋಗಿ ಕೂರಲು ಎರಡು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅಕ್ಕ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು, ಕೆಳಗೆ ನೀರಿದೆಯೇನೋ ಎಂಬಂತೆ ಪಾದ ಅಲುಗಿಸುತ್ತಾ.

ಹಚ್ಚಿದೆ. ಅಕ್ಕ ಧುಮುಕಿದಳು, ಒಂದನೆಯದರಿಂದ ಎರಡನೆಯದಕ್ಕೆ ಬೆಣ್ಣೆಯಲ್ಲಿ ಕೂದಲು ಜಾರಿದ ಹಾಗೆ ಜಾರಿದಳು. ಏಳು ಸಂದಿನಲ್ಲೂ ಬಿರುಕಿಲ್ಲ. ಗೋಡೆಯೇ ಮಾಯವಾಗಿ ಅಲ್ಲಿ ನಿಜವಾಗಿ ನೀರು ಹರಿಯುತ್ತಿತ್ತು. ನಾನು ಸಣ್ಣ ಹುಡುಗಿಯ ಹಾಗೆ ಕೂಗಿಕೊಂಡೆ.

"ಸರಿಹೋಯ್ತು ಅಕ್ಕ! ಬಾ, ಬಾ, ಇಲ್ಲಿ ನಿಂತ್ಕೋ. ನಾನು ಮೊದಲಿಂದ ಹಾಕ್ತೀನಿ. ಅವಳು ಹಾರಿದ ತಕ್ಷಣ ನೀನೂ ನಡೆಯೋಕೆ ಶುರು ಮಾಡು. ನಿನ್ನ ಈಜಿನ ವೇಗವೂ ನಡಿಗೆಯ ವೇಗವೂ ಒಂದೇ."

ಅವಳು ಎದ್ದು, ಗೋಡೆಯಿಂದ ಒಂದು ಗೇಣು ದೂರದಲ್ಲಿ ನಿಂತಳು. ನಾನು ಗುಂಡಿ ಒತ್ತಿದೆ. ಧುಮುಕಿದ ಸದ್ದು ಕೊಳವನ್ನೆಲ್ಲ ತುಂಬಿತು, ಅಕ್ಕ ನಡೆಯತೊಡಗಿದಳು. ಪರದೆಯ ಅಕ್ಕ ಈಜುತ್ತಿದ್ದಳು, ನೆಲದ ಅಕ್ಕ ಅವಳ ಪಕ್ಕದಲ್ಲಿ ನಡೆಯುತ್ತಿದ್ದಳು, ಇಬ್ಬರ ಮೇಲೂ ಒಂದೇ ನೀಲಿ ಬೆಳಕು.

ಮೂರನೇ ಪರದೆಯ ಹತ್ತಿರ ನನಗೆ ಏನೋ ಕಿರಿಕಿರಿಯಾಯಿತು. ಹೇಳಿದೆನಲ್ಲ, ಒಂದು ಚೂರು ಆಚೀಚೆಯಾದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಅಕ್ಕ ಅರ್ಧ ಹೆಜ್ಜೆ ಮುಂದಿದ್ದಳು. ನಾಲ್ಕನೆಯದರಲ್ಲಿ ಒಂದೂವರೆ ಹೆಜ್ಜೆ. ಐದನೆಯದಕ್ಕೆ ಬರುವಾಗ ಈಜುವವಳು ಪೂರ್ತಿ ಒಂದು ಆಳುದ್ದ ಹಿಂದೆ ಉಳಿದಿದ್ದಳು. ಅಕ್ಕನ ಎದುರಿಗೆ ಬರೀ ಖಾಲಿ ನೀರಿತ್ತು. ಅವಳು ಆ ಖಾಲಿ ನೀರಿನ ಕಡೆ ಮುಖ ಮಾಡಿ, ಮುಖವರಳಿಸಿ ನಗುತ್ತಿದ್ದಳು.

"ಎಷ್ಟು ಚೆನ್ನಾಗಿ ಕಾಣ್ತಿದೆ ಕಣೇ!" ಎಂದು ಕೂಗಿದಳು. "ಒಂದು ಚೂರೂ ಮುರಿದಿಲ್ಲ!"

ನಾನು ಭಾವನ ಕಡೆ ನೋಡಿದೆ. ಅವರು ಕಪಾಟಿಗೆ ಹಣೆಯೊತ್ತಿ ನಿಂತಿದ್ದರು.

ಓಡಿ ಹೋಗಿ ಅಕ್ಕನ ಕೈ ಹಿಡಿದೆ. ಅವಳು ನಿಂತಳು. ಅವಳ ಹಿಂದೆ ಈಜುತ್ತಿದ್ದವಳು ಬಂದು, ನಮ್ಮಿಬ್ಬರನ್ನೂ ದಾಟಿ, ಮುಂದೆ ಹೊರಟುಹೋದಳು.

"ಯಾವಾಗಿಂದ?"

"ಹೋದ ಗುರುವಾರದಿಂದ. ಬೆಳಗ್ಗೆ ಎದ್ದೆ, ಆ ಕೊಳವೆ ಇರಲಿಲ್ಲ."

ಗುರುವಾರ ಎಂದರೆ ನಾಲ್ಕು ದಿನ. ಅದಕ್ಕೆ ಮುಂಚಿನ ಏಳು ದಿನ ಅವಳಿಗೆ ಕಾಣುತ್ತಿತ್ತು. ಏಳೂ ದಿನ ಫೋನು ಮಾಡಿದ್ದಳು, ಏಳೂ ದಿನ ಚಿತ್ರ ಗೋಡೆಯ ಮೇಲೆ ಓಡುತ್ತಿತ್ತು. ಕರೆಂಟಿನವರು ನೋಡಿದ್ದರು, ಕಪಾಟು ತಂದವರು ನೋಡಿದ್ದರು, ಬಣ್ಣ ಬಳಿಯುವವರು ನಿಂತು ನೋಡಿ ಹೋಗಿದ್ದರು. ಯಾರಿಗೂ ಕಾಣದ ನಾಲ್ಕು ಬೆರಳಿನ ಬಿರುಕಿಗಾಗಿ ನಾನು ಅಕ್ಕನೊಬ್ಬಳನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದೆ. ನನ್ನ ಕೈಗೆ ಕೊಳ್ಳಿ ಇಡಬೇಕು ಅನ್ನಿಸಿತು. ಅಲ್ಲೇ ಕುಸಿದು ಕೂತು, ಅವಳ ಮೊಣಕಾಲಿಗೆ ಮುಖವೊತ್ತಿ ಅತ್ತೆ. ಐವತ್ತೊಂದು ವರ್ಷದ ಹೆಂಗಸು, ಖಾಲಿ ಕೊಳದ ದಂಡೆಯಲ್ಲಿ ಹೋ ಎಂದು ಅತ್ತೆ. ಆ ಅಳು ಕೊಳವೆಲ್ಲ ಸುತ್ತಿ ನನಗೇ ವಾಪಸು ಬಂತು.

"ಹೇಳ್ಬಾರದಿತ್ತಾ? ಗುರುವಾರವಾದ್ರೂ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಕೆಲಸ ಬಿಟ್ಟುಬಿಡ್ತಿದ್ದೆ. ಮಕ್ಕಳು ಮುರಿದ ನನ್ನನ್ನ ನೋಡ್ತಾ ಕೂತಿರಬೇಕಿತ್ತು." ಅವಳ ಬೆರಳು ನನ್ನ ಕೂದಲಲ್ಲಿ ಆಡುತ್ತಿತ್ತು. "ಇವತ್ತು ನೋಡಿದ ಹಾಗೆ ಮಾಡಿ ಹೋಗೋಣ ಅಂತ ಬಂದೆ. ಮನೇಲಿ ಎರಡು ದಿನ ಇವರ ಜೊತೆ ನಡೆದು ಅಭ್ಯಾಸ ಕೂಡ ಮಾಡಿದ್ದೆ ಕಣೇ, ನಲವತ್ತೊಂದು ಸೆಕೆಂಡಿಗೆ ಐವತ್ತು ಮೀಟರ್. ಸಂತೋಷಕ್ಕೆ ಕಾಲು ಜೋರಾಗಿ ಹೋಗ್ಬಿಡ್ತು ಅಂತ ಕಾಣುತ್ತೆ."

ಇದನ್ನು ಕೇಳಿ ನಾನು ಇನ್ನೂ ಜೋರಾಗಿ ಅತ್ತೆ. ಅವಳು ನನ್ನ ತಲೆಗೊಂದು ಮೊಟಕಿದಳು.

"ಸಾಕು, ಏಳು. ನಿಂಗೆ ಕಾಣುತ್ತಲ್ಲ? ನೋಡಿ ಹೇಳು ನಂಗೆ. ಮೊದಲಿಂದ."

ಮೂಗೊರೆಸಿಕೊಂಡು ಎದ್ದೆ. ಮೊದಲಿಂದ ಹಾಕಿ, ಅವಳ ತೋಳಿನಲ್ಲಿ ತೋಳು ಸಿಕ್ಕಿಸಿ ನಡೆದೆ. "ಹಾರಿದೆ. ನೀರೊಳಗಿದೀಯ. ಮೇಲೆ ಬಂದೆ. ಬಲಗೈ ಎತ್ತಿದೆ, ಈಗ ಎಡ... ಅಲ್ಲ, ಮತ್ತೆ ಬಲ... ಅಯ್ಯೋ ತಡಿ..." ನಾಲಿಗೆ ತೊಡರಿತು. ಎಡಗೈ ಎನ್ನುವಷ್ಟರಲ್ಲಿ ಎಡಗೈ ಮುಳುಗಿ ಬಲಗೈ ಬಂದಿರುತ್ತಿತ್ತು.

"ನೀನು ಹೇಳೋ ಹೊತ್ತಿಗೆ ನಾನು ಮುಂದೆ ಹೋಗಿರ್ತೀನಲ್ಲೇ," ಎಂದು ಅಕ್ಕ ನಕ್ಕಳು.

ಅವಳನ್ನು ನಿಲ್ಲಿಸಿ ಯಜಮಾನ ಕಂಪ್ಯೂಟರಿನ ಹತ್ತಿರ ಹೋದೆ. ಹೊತ್ತನ್ನು ಹೇಳುವುದೇ ಅದರ ಕೆಲಸ. ಆ ಹೊತ್ತನ್ನೇ ನಿಧಾನ ಮಾಡಿದೆ. ಮೊದಲು ಅರ್ಧಕ್ಕೆ, ಸಾಲದೆಂದು ಕಾಲುಭಾಗಕ್ಕೆ, ಅದೂ ಸಾಲದೆಂದು ಇನ್ನೂ ಕೆಳಕ್ಕೆ. ಆ ವೇಗಕ್ಕೆ ನಾನು ಉಳಿದ ಏಳನ್ನು ಅಣಿಮಾಡಿರಲಿಲ್ಲ. ಒಂದು ಮುಗ್ಗರಿಸಿತು, ಇನ್ನೊಂದು ಜಿಗಿಯಿತು, ಮತ್ತೊಂದು ನಿಂತು ನಿಂತು ನಡೆಯಿತು. ಆಗಲಿ ಎಂದು ವಾಪಸು ಬಂದು ಅಕ್ಕನ ತೋಳು ಹಿಡಿದೆ.

ನಾವು ನಡೆದೆವು. ಒಂದು ಹೆಜ್ಜೆಗೆ ಒಂದು ಉಸಿರು, ಒಂದು ಉಸಿರಿಗೆ ಒಂದು ಮಾತು. "ಬಲಗೈ ನೀರಿಂದ ಏಳ್ತಾ ಇದೆ ಅಕ್ಕ. ಮೊಣಕೈ ಮೊದಲು. ಬೆರಳಿಂದ ಹನಿ ಬೀಳ್ತಿದೆ, ಐದಾರು ಹನಿ, ಬಿಸಿಲು ಬಿದ್ದು ಹೊಳೀತಿದೆ. ಈಗ ಕೈ ತಲೆ ದಾಟ್ತಿದೆ. ಬೆನ್ನ ಮೇಲೆ ನೀರು ಗಾಜಿನ ಹಾಗೆ ಕೂತಿದೆ." ಅಕ್ಕನ ಬಲಭುಜ ನನ್ನ ತೋಳಿನಡಿಯಲ್ಲಿ ಮೆಲ್ಲಗೆ ಎದ್ದು ಇಳಿಯಿತು. ಎಡ ಎಂದಾಗ ಎಡಭುಜ. ನಾನು ಹೇಳಿ ಮುಗಿಸುವವರೆಗೂ ಪರದೆಯವಳು ಕಾಯುತ್ತಿದ್ದಳು, ಅವಳು ಕೈಯಿಳಿಸುವವರೆಗೂ ನಾವು ಕಾಯುತ್ತಿದ್ದೆವು. ಎಷ್ಟು ಹೊತ್ತಾಯಿತೋ ತಿಳಿಯದು. ಅಕ್ಕ ಹುಟ್ಟಿದಾಗಿಂದ ಅಷ್ಟು ನಿಧಾನವಾಗಿ ಈಜಿರಲಾರಳು.

ಊಟ ಮುಗಿಸಿ ಬಂದ ಕರೆಂಟಿನವರು ಬಾಗಿಲಲ್ಲೇ ಗಾಬರಿಯಾಗಿ ನಿಂತರು. "ಅಮ್ಮಾ! ಚಿತ್ರ ಪೂರ್ತಿ ಹರಿದುಹೋಗ್ತಾ ಇದೆ! ಈಗ ನಂಗೂ ಕಾಣ್ತಿದೆ, ಕೈ ಒಂದು ಕಡೆ, ಮೈ ಒಂದು ಕಡೆ!"

"ಹರೀಲಿ ಬಿಡಿ," ಎಂದೆ.

"ಎಲ್ಲಿದೀನಿ ಈಗ?" ಎಂದು ಅಕ್ಕ ಪಿಸುಗುಟ್ಟಿದಳು.

"ಆರನೇ ಪರದೇಲಿ. ಈ ಕಡೆ ಮುಖ ತಿರುಗಿಸ್ತಿದೀಯ. ಅರ್ಧ ಮುಖ ನೀರಲ್ಲಿದೆ, ಅರ್ಧ ಮೇಲೆ. ಬಾಯಿ ತೆರೀತಿದೀಯ. ಉಸಿರು ತಗೋತಿದೀಯ ಅಕ್ಕ."

ಅಕ್ಕ ನನ್ನ ಕಡೆ ಮುಖ ತಿರುಗಿಸಿ, ಬಾಯಿ ತೆರೆದು, ಉಸಿರು ತೆಗೆದುಕೊಂಡಳು.